ಮನೆಯಲ್ಲೇ ರಾಕ್ ಕ್ರಾಲರ್ ಕಟ್ಟಬೇಕು, ಮುಂದಿನ ಆಕ್ಸಲ್ ಹೇಗೆ ಮಾಡೋದು?

ಮೂಡಿಗೆರೆ ಗ್ರಿಲ್ ವರ್ಕ್ಸ್:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಗ್ರಿಲ್, ಗೇಟ್ ಮಾಡುವ ಅಂಗಡಿ. ಕಟಿಂಗ್ ಮೆಷಿನ್, ವೆಲ್ಡಿಂಗ್ ಸೆಟ್, ಬೆಂಚ್ ಡ್ರಿಲ್ ಇದೆ. ಲೇತ್ ಇಲ್ಲ. ಎಸ್ಟೇಟ್ ಜೀಪು ನೋಡುತ್ತಲೇ ಬೆಳೆದವನು ನಾನು. ಮಳೆಗಾಲದಲ್ಲಿ ಕಾಫಿ ಮೂಟೆ ಹೇರಿಕೊಂಡು, ಫೋರ್ ವೀಲ್ ಹಾಕಿ, ಕೆಸರಿನ ಏರು ಹತ್ತುವ ಜೀಪು ಕಂಡರೆ ಈಗಲೂ ನಿಂತು ನೋಡುತ್ತೇನೆ. ಹಾಗೇ ಬಂಡೆ ಹತ್ತುವ ಒಂದು ರಿಮೋಟ್ ಜೀಪು ನನ್ನ ಕೈಯಾರೆ ಮಾಡಬೇಕು ಅಂತ ತುಂಬಾ ಆಸೆ. ಕಿಟ್ ಬೇಡ. ರೇಡಿಯೋ, ಸರ್ವೋ (ಸ್ಟಿಯರಿಂಗ್ ತಿರುಗಿಸುವ ಚಿಕ್ಕ ಮೋಟರ್), ಬ್ಯಾಟರಿ, ಟೈರ್ ಮಾತ್ರ ಕೊಳ್ಳುತ್ತೇನೆ. ಉಳಿದದ್ದೆಲ್ಲ ಅಂಗಡಿಯ ಪಟ್ಟಿ, ರಾಡ್‌ನಿಂದಲೇ ಆಗಬೇಕು.

ಸಿಕ್ಕಿಹಾಕಿಕೊಂಡಿರೋದು ಮುಂದಿನ ಆಕ್ಸಲ್‌ನಲ್ಲಿ. ಚಕ್ರ ತಿರುಗಲೂ ಬೇಕು, ಎಳೆಯಲೂ ಬೇಕು. ಶಾಫ್ಟ್ ಬಾಗಿದರೂ ಸುತ್ತು ದಾಟಿಸುವ ಯೂನಿವರ್ಸಲ್ ಜಾಯಿಂಟ್ ಬೇಕು, ಇಷ್ಟು ಚಿಕ್ಕದನ್ನು ಲೇತ್ ಇಲ್ಲದೆ ಮಾಡೋದು ಹೇಗೆ? ಇನ್ನೊಂದು, ಹಳೇ ವಿಲ್ಲೀಸ್ ಜೀಪಿನ ಅಳತೆಯನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿದರೆ ಸರಿಯಾಗುತ್ತಾ?

ಪೀಣ್ಯ ಟರ್ನರ್:

ಮೊದಲು ಅಳತೆ ವಿಚಾರ. ವಿಲ್ಲೀಸ್ ಜೀಪಿನ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ದೂರ) 80 ಇಂಚು, ಅಂದರೆ 2032 ಮಿ.ಮೀ. ಹತ್ತರಲ್ಲಿ ಒಂದು ಅಂದರೆ 203 ಮಿ.ಮೀ. ಮಾತ್ರ. ಕಡಿದಾದ ಬಂಡೆಗೆ ಮೂತಿ ಕೊಟ್ಟ ತಕ್ಷಣ ಹಿಂದಕ್ಕೆ ಮಗುಚುತ್ತೆ. ಅಂಗಡಿಯಲ್ಲಿ ಸಿಗುವ ಆ ಸ್ಕೇಲಿನ ಕ್ರಾಲರ್‌ಗಳು ಹೆಚ್ಚುಕಮ್ಮಿ 313 ಮಿ.ಮೀ. ಇರುತ್ತವೆ. ನೀವು ಎಂಟರಲ್ಲಿ ಒಂದು ಹಿಡಿಯಿರಿ, 254 ಆಗುತ್ತೆ. ಅದನ್ನೂ 280ಕ್ಕೆ ಎಳೆಯಿರಿ. ಬಾನೆಟ್ ಒಂಚೂರು ಉದ್ದ ಆದರೂ ಜೀಪಿನ ಮುಖ ಕೆಡಲ್ಲ.

ಇನ್ನು ಆಕ್ಸಲ್. ನಿಮ್ಮ ಹತ್ತಿರ ಇರೋ ಸಾಮಾನಿಗೆ ನಾನು ಹೇಳೋದು ಒಂದೇ ದಾರಿ. ಯೂನಿವರ್ಸಲ್ ಜಾಯಿಂಟೂ ಬೇಡ, ಗೇರ್‌ಬಾಕ್ಸೂ ಬೇಡ. ನಾಲ್ಕು ಚಕ್ರಕ್ಕೆ ನಾಲ್ಕು 12 ವೋಲ್ಟ್ ಗೇರ್ ಮೋಟರ್ ಹಾಕಿ. ಮೋಟರನ್ನು ಆಕ್ಸಲ್ ಮೇಲೇ ಕೂರಿಸೋದು ಹೊಸ ವಿಚಾರ ಏನಲ್ಲ. 1987ರಲ್ಲಿ ಬಂದ ಟಮಿಯಾ ಕ್ಲಾಡ್ ಬಸ್ಟರ್ ಅನ್ನೋ ರಿಮೋಟ್ ಗಾಡಿಯಲ್ಲೇ ಒಂದೊಂದು ಆಕ್ಸಲ್ ಮೇಲೆ ಒಂದೊಂದು ಮೋಟರ್ ಇತ್ತು. ಆಮೇಲೆ ಎಷ್ಟೋ ಜನ ಅದೇ ಆಕ್ಸಲ್ ಬಿಚ್ಚಿ ಕ್ರಾಲರ್ ಕಟ್ಟಿದರು. ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಕ್ರಕ್ಕೇ ಮೋಟರ್ ಕೊಡುತ್ತೀರಿ ಅಷ್ಟೇ.

ಎಷ್ಟು ಆರ್‌ಪಿಎಂ ಅಂದರೆ 100 ಸಾಕು. ಟೈರ್ 110 ಮಿ.ಮೀ. ವ್ಯಾಸ ಇದ್ದರೆ ಒಂದು ಸುತ್ತಿಗೆ ಸುಮಾರು 345 ಮಿ.ಮೀ. ಹೋಗುತ್ತೆ. ಗಂಟೆಗೆ 2 ಕಿ.ಮೀ. ಲೆಕ್ಕ. ಜಾಸ್ತಿ ಸ್ಪೀಡ್ ಬೇಕು ಅಂತ 300ರದ್ದು ತರಬೇಡಿ, ದಯವಿಟ್ಟು. ಬಂಡೆ ಹತ್ತೋದಕ್ಕೆ ನಿಧಾನವೇ ಬಲ. ಗಾಡಿ ಎರಡೂವರೆ ಕೆ.ಜಿ., ಚಕ್ರದ ಅರ್ಧ ವ್ಯಾಸ 5.5 ಸೆಂ.ಮೀ. ಅಂದುಕೊಳ್ಳಿ. ಗಾಡಿಯ ಪೂರ್ತಿ ಭಾರವನ್ನು ನೆಟ್ಟಗೆ ಮೇಲೆತ್ತುವ ಲೆಕ್ಕ ಹಾಕಿದರೂ ಒಟ್ಟು 14 ಕೆ.ಜಿ.-ಸೆಂ.ಮೀ. ಟಾರ್ಕ್ (ತಿರುಗಿಸುವ ಬಲ) ಬೇಕು. ಎಷ್ಟೋ ಸಲ ಎರಡೇ ಚಕ್ರಕ್ಕೆ ಹಿಡಿತ ಸಿಗುತ್ತೆ, ಹಾಗಾಗಿ ಒಂದು ಮೋಟರಿಗೆ 7ಕ್ಕಿಂತ ಕಮ್ಮಿ ಇರಬಾರದು.

ಮುಂದಿನ ಆಕ್ಸಲ್ ಅನ್ನೋದು ಈಗ ಬರೀ 25×3 ಮಿ.ಮೀ.ನ ಒಂದು ಪಟ್ಟಿ. ಅದು ಮೋಟರುಗಳ ಮೇಲಿಂದ ಹಾದು ಹೋಗಲಿ. ಎರಡೂ ತುದಿಯಲ್ಲಿ ಇಂಗ್ಲಿಷ್ ಸಿ ಆಕಾರದ ಒಂದೊಂದು ತುಂಡು ವೆಲ್ಡ್ ಮಾಡಿ. ಅದರೊಳಗೆ ಮೋಟರ್ ಹಿಡಿದ ನಕಲ್, ಅಂದರೆ ಚಕ್ರದ ಜೊತೆ ತಿರುಗುವ ಸ್ಟಿಯರಿಂಗ್ ತುಂಡು, ಕೂರುತ್ತೆ. ಮೇಲೊಂದು, ಕೆಳಗೊಂದು 4 ಮಿ.ಮೀ. ಬೋಲ್ಟೇ ಕಿಂಗ್ ಪಿನ್, ಅಂದರೆ ನಕಲ್ ತಿರುಗುವ ಕೀಲು. ಪಿನ್ ಎಷ್ಟು ಚಕ್ರದ ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ದೂರ ಆದರೆ ಪ್ರತಿ ಕಲ್ಲಿನ ಹೊಡೆತವೂ ನೇರ ಸರ್ವೋಗೆ ಬಡಿಯುತ್ತೆ. ಗಮನ ಇರಲಿ, ಸ್ಟಿಯರಿಂಗ್ ತಿರುಗಿದಾಗ ಮೋಟರಿನ ಬಾಲವೂ ಬೀಸುತ್ತೆ. ಪಿನ್ನಿಂದ 60 ಮಿ.ಮೀ. ಬಾಲ ಇದ್ದರೆ, 30 ಡಿಗ್ರಿ ತಿರುಗಿದಾಗ ಅದು 30 ಮಿ.ಮೀ. ಸರಿಯುತ್ತೆ. ಅಷ್ಟು ಜಾಗದಲ್ಲಿ ಲಿಂಕ್ (ಆಕ್ಸಲನ್ನು ಚಾಸಿಗೆ ಹಿಡಿಯುವ ರಾಡ್) ಆಗಲಿ ವೈರ್ ಆಗಲಿ ಇರಬಾರದು. ಮೊದಲು ರಟ್ಟಿನಲ್ಲಿ ಕತ್ತರಿಸಿ, ಪಿನ್ನು ಚುಚ್ಚಿ, ತಿರುಗಿಸಿ ನೋಡಿ. ಆಮೇಲೆ ಕಬ್ಬಿಣ ಮುಟ್ಟಿ.

ಲಿಂಕ್‌ಗೆ 6 ಮಿ.ಮೀ. ಅಲ್ಯುಮಿನಿಯಂ ರಾಡ್. ತುದಿಗೆ 2.5 ಡ್ರಿಲ್ ಹೊಡೆದು ಎಂ3 ಟ್ಯಾಪ್ ಮಾಡಿ, ರಾಡ್ ಎಂಡ್ (ಗುಂಡಿನ ಕೀಲು ಇರೋ ತುದಿ) ಹಾಕಿ. ಒಂದು ಆಕ್ಸಲ್‌ಗೆ ನಾಲ್ಕು ಲಿಂಕ್. ಕೆಳಗಿನ ಎರಡು ಉದ್ದಕ್ಕೆ, ಮೇಲಿನ ಎರಡು ಆಕ್ಸಲ್ ನಡುವಿನಲ್ಲಿ ಹತ್ತಿರ ಸೇರಿ, ಚಾಸಿ ಕಡೆ ಅಗಲವಾಗಲಿ. ಆಗ ಆಕ್ಸಲ್ ಪಕ್ಕಕ್ಕೆ ಜಾರಲ್ಲ. ಆಕ್ಸಲ್ ಮೇಲೆ ಮೇಲಿನ ಲಿಂಕಿಗೂ ಕೆಳಗಿನದಕ್ಕೂ 30 ಮಿ.ಮೀ. ಅಂತರ ಕೊಡಿ, ಇಲ್ಲದಿದ್ದರೆ ಜೋರಾಗಿ ಎಳೆದಾಗ ಆಕ್ಸಲ್ಲೇ ಮಗ್ಗುಲು ಹೊರಳುತ್ತೆ. ಶಾಕ್ 100 ಮಿ.ಮೀ.ದು, ಸ್ಪ್ರಿಂಗ್ ಮೆತ್ತಗಿರಲಿ. ಒಂದು ಮುಂದಿನ ಚಕ್ರದ ಕೆಳಗೆ ಇಟ್ಟಿಗೆ ಮಲಗಿಸಿ ಇಡಿ. ಉಳಿದ ಮೂರೂ ಚಕ್ರ ನೆಲ ಬಿಡಬಾರದು. ಬಿಟ್ಟರೆ ಸ್ಪ್ರಿಂಗ್ ಬಿಗಿ ಅಂತಲೇ ಅರ್ಥ.

ಕೆಂಪು ಜೀಪು:

ಟರ್ನರ್ ಅಣ್ಣ ಹೇಳಿದ್ದು ನಡೆಯುತ್ತೆ, ಆದರೆ ನನ್ನ ಮಾತೂ ಕೇಳಿ. ಜೀಪು ಅಂದ ಮೇಲೆ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಎರಡು ಆಕ್ಸಲ್ ಇದ್ದರೇ ಚೆಂದ ಅಲ್ವಾ? ಮುಂದಿನ ಆಕ್ಸಲ್ ಒಂದನ್ನು ಮಾತ್ರ ರೆಡಿ ತರಿಸಿ, ಉಳಿದದ್ದನ್ನು ನೀವೇ ಮಾಡಿ. ಗೇರ್ ಮೋಟರಿನ ಶಾಫ್ಟ್ ಮೇಲೇ ಚಕ್ರ ನಿಂತರೆ ಎತ್ತರದಿಂದ ಬಿದ್ದಾಗ ಒಳಗಿನ ಗೇರ್ ಹಲ್ಲು ಮುರಿಯುತ್ತೆ, ಅದು ದೊಡ್ಡ ತಲೆನೋವು.

ಪೀಣ್ಯ ಟರ್ನರ್:

ಹಲ್ಲು ಮುರಿಯೋದು ನಿಜ. ಅದಕ್ಕೇ ಎರಡೂವರೆ ಕೆ.ಜಿ. ದಾಟಬೇಡಿ ಅನ್ನೋದು. ಆದರೆ ಶಾಫ್ಟ್ ಗಾಡಿಯಲ್ಲಿ ಜೋರು ಕೊಟ್ಟಾಗ ಚಾಸಿ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತೆ, ಓರೆ ಬಂಡೆಯಲ್ಲಿ ಅದೇ ಉರುಳಿಸಿಬಿಡುತ್ತೆ. ಇದರಲ್ಲಿ ಆ ಕಾಟ ಇಲ್ಲ. ಭಾರವೂ ಚಕ್ರದ ಮಟ್ಟದಲ್ಲೇ ಉಳಿಯುತ್ತೆ. ಮೊದಲನೇ ಗಾಡಿಗೆ ಇದೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೂಡಿಗೆರೆ ಗ್ರಿಲ್ ವರ್ಕ್ಸ್:

ಅಣ್ಣ, ತುಂಬಾ ಉಪಕಾರ ಆಯ್ತು. ನಾಲ್ಕು ಮೋಟರ್ ದಾರಿಯನ್ನೇ ಹಿಡಿಯುತ್ತೇನೆ. ರಟ್ಟು ಇವತ್ತೇ ಕತ್ತರಿಸುತ್ತೇನೆ. ವೈರಿಂಗ್ ಹೇಗೆ? ಮತ್ತೆ ಇಲ್ಲಿ ವರ್ಷದಲ್ಲಿ ಅರ್ಧ ಭಾಗ ಹಳ್ಳದ ಕಲ್ಲೆಲ್ಲ ಒದ್ದೆ, ಪಾಚಿ. ನೀರಿಗೆ ಏನು ಮಾಡಬೇಕು?

ಎಸ್‌ಪಿ ರೋಡ್ ಸೋಲ್ಡರ್:

ವೈರಿಂಗ್ ನನಗೆ ಬಿಡಿ. ನಾಲ್ಕೂ ಮೋಟರ್ ಪ್ಯಾರಲಲ್‌ನಲ್ಲೇ ಇರಬೇಕು. ಸೀರೀಸ್‌ನಲ್ಲಿ ಹಾಕಿದರೆ ಗಾಳಿಯಲ್ಲಿ ಎದ್ದ ಚಕ್ರ ವೋಲ್ಟೇಜ್ ಎಲ್ಲ ನುಂಗಿ ಸುಮ್ನೆ ಸುತ್ತುತ್ತೆ, ಕಲ್ಲು ಹಿಡಿದ ಚಕ್ರ ನಿಂತುಬಿಡುತ್ತೆ. ಪ್ಯಾರಲಲ್‌ನಲ್ಲಿ ಎಲ್ಲಕ್ಕೂ ಒಂದೇ ವೋಲ್ಟೇಜ್, ಕಷ್ಟಪಡುವ ಮೋಟರ್ ತನಗೆ ಬೇಕಾದಷ್ಟು ಕರೆಂಟ್ ಎಳೆದುಕೊಳ್ಳುತ್ತೆ. ಡಿಫ್ ಲಾಕ್ ಮಾಡಿದ ಹಾಗೇ, ಅಂದರೆ ಎಡ ಬಲ ಚಕ್ರ ಒಟ್ಟಿಗೇ ಎಳೆಯುವಂತೆ, ಕೆಲಸ ಆಗುತ್ತೆ. ಎಡಗಡೆ ಮೋಟರುಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು ಕೂರುತ್ತವೆ, ಅವಕ್ಕೆ ಪ್ಲಸ್ ಮೈನಸ್ ಅದಲುಬದಲು ಮಾಡಿ.

ಇಎಸ್‌ಸಿ (ಮೋಟರಿನ ಸ್ಪೀಡ್ ಕಂಟ್ರೋಲರ್) ಬ್ರಶ್ಡ್ ಮೋಟರಿನದು, 60 ಆಂಪ್‌ದು, ಡ್ರ್ಯಾಗ್ ಬ್ರೇಕ್ ಇರೋದು ತಗೊಳ್ಳಿ. ಕೈ ಬಿಟ್ಟಾಗ ಇಳಿಜಾರಿನಲ್ಲಿ ಹಾಗೇ ನಿಲ್ಲುತ್ತೆ. ಬ್ಯಾಟರಿ 3 ಸೆಲ್ ಲಿಪೋ, 11.1 ವೋಲ್ಟ್. ಒಂದು ಸೆಲ್ 3.3 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬೇಡಿ, ಪೀಂ ಅನ್ನುವ ಒಂದು ಚಿಕ್ಕ ಅಲಾರಂ ಸಿಗುತ್ತೆ, ಅದನ್ನು ಬ್ಯಾಲೆನ್ಸ್ ವೈರಿಗೆ ಚುಚ್ಚಿ. ಬೈಕ್ ಅಂಗಡಿಯ 20 ಆಂಪ್ ಬ್ಲೇಡ್ ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ. ಪ್ರತಿ ಮೋಟರಿನ ಎರಡು ಕಾಲಿನ ನಡುವೆ 104 ಅಂತ ಬರೆದಿರುವ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ, ರೇಡಿಯೋಗೆ ಗಲಾಟೆ ತಾಗಲ್ಲ.

ಸರ್ವೋ 20 ಕೆ.ಜಿ.-ಸೆಂ.ಮೀ. ಟಾರ್ಕಿನದು, ಮೆಟಲ್ ಗೇರ್. ಅದಕ್ಕೆ ಬೇರೆಯೇ 6 ವೋಲ್ಟ್, 5 ಆಂಪ್ ಬಿಇಸಿ (ಬ್ಯಾಟರಿ ವೋಲ್ಟೇಜ್ ಇಳಿಸಿ ಕೊಡುವ ಚಿಕ್ಕ ಬೋರ್ಡ್) ಕೊಡಿ. ಎರಡು ಕಲ್ಲಿನ ನಡುವೆ ಚಕ್ರ ಸಿಕ್ಕಿ ಸರ್ವೋ ಒದ್ದಾಡಿದಾಗ ರಿಸೀವರಿನ ವೋಲ್ಟೇಜ್ ಕುಸಿದು ಗಾಡಿ ಸತ್ತ ಹಾಗೆ ನಿಲ್ಲೋದು ಇದೊಂದು ಇಲ್ಲದಿದ್ದಾಗಲೇ.

ನೀರಿಗೆ: ರಿಸೀವರನ್ನು ಬಲೂನಿನೊಳಗೆ ಹಾಕಿ, ವೈರ್ ಹೊರಬರುವ ಬಾಯಿಗೆ ಕೇಬಲ್ ಟೈ ಬಿಗಿಯಿರಿ. ಸರ್ವೋ ಮುಚ್ಚಳದ ಸಂದಿಗೆ ಗ್ರೀಸ್. ಹಳ್ಳದಿಂದ ಬಂದ ಮೇಲೆ ಗೇರ್ ಮೋಟರ್ ಬಿಸಿಲಲ್ಲಿ ಒಣಗಿಸಿ, ಶಾಫ್ಟಿಗೆ ಒಂದೊಂದು ತೊಟ್ಟು ಎಣ್ಣೆ ಬಿಡಿ.

ಪೀಣ್ಯ ಟರ್ನರ್:

ಪಾಚಿಗೆ ಯಾವ ಟೈರೂ ನಿಲ್ಲಲ್ಲ, ಅದನ್ನು ಬಿಟ್ಟುಬಿಡಿ. ಒದ್ದೆ ಕಲ್ಲಿಗೆ ಮಾತ್ರ ಉಗುರಿನಲ್ಲಿ ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತನೆ ರಬ್ಬರ್ ಹುಡುಕಿ. ನಾನು ಓಡಿಸೋದು ರಾಮನಗರ ಕಡೆಯ ಬಂಡೆ ಮೇಲೆ. ಆ ಕ್ಲೋಸ್‌ಪೇಟೆ ಗ್ರಾನೈಟ್‌ನಲ್ಲಿ ಬೆರಳುಗುರು ಗಾತ್ರದ ಗುಲಾಬಿ ಹರಳು ಎದ್ದು ನಿಂತಿರುತ್ತೆ, ಉಪ್ಪು ಕಾಗದದಂತೆ ಟೈರ್ ಹಿಡಿಯುತ್ತೆ. ನಿಮ್ಮ ಹಳ್ಳದ ಕಲ್ಲು ನೀರಿನಲ್ಲಿ ಸವೆದು ನುಣ್ಣಗಿರುತ್ತೆ, ಅಲ್ಲಿ ಭಾರ ಎಲ್ಲಿದೆ ಅನ್ನೋದೇ ಮುಖ್ಯ.

ಬ್ಯಾಟರಿ ಮುಂದಿನ ಆಕ್ಸಲ್ ಮೇಲೆಯೇ ಇರಲಿ. ಮುಂದಿನ ಚಕ್ರ ತಕ್ಕಡಿ ಮೇಲೆ, ಹಿಂದಿನದು ಅಷ್ಟೇ ಎತ್ತರದ ಹಲಗೆ ಮೇಲೆ ಇಟ್ಟು ತೂಗಿ. ನೂರರಲ್ಲಿ ಅರವತ್ತು ಪಾಲು ಮುಂದೆ ಬರಬೇಕು. ಸಾಲದಿದ್ದರೆ ವೀಲ್ ಬ್ಯಾಲೆನ್ಸಿಂಗ್ ಅಂಗಡಿಯ ಅಂಟು ತೂಕ ತಂದು ಮುಂದಿನ ರಿಮ್ಮಿನ ಒಳಗೆ ಸುತ್ತ ಅಂಟಿಸಿ. ಬಾಡಿ ತೆಳು ತಗಡಿನದೇ ಆಗಲಿ, ಮೇಲೆ ಭಾರ ಬೇಡ.

ಲೇತ್ ಬೇಕಾಗೋದು ಕಿಂಗ್ ಪಿನ್ನಿನ ನಾಲ್ಕು ಹಿತ್ತಾಳೆ ಬುಷ್‌ಗೆ (ಪಿನ್ ಕೂರುವ ಬಳೆಗೆ) ಮಾತ್ರ. ಮೋಟರ್ ಕೈಗೆ ಬಂದ ಮೇಲೆ ನಕಲ್ ಪಟ್ಟಿಯ ದಪ್ಪ, ತೂತಿನ ಅಳತೆ ಇಲ್ಲೇ ಬರೆಯಿರಿ. ನಾನು ಲೇತ್‌ನಲ್ಲಿ ಬುಷ್ ಮಾಡಿ ಕೊರಿಯರ್ ಹಾಕುತ್ತೇನೆ.