‘ಆಕಸ್ಮಿಕ ಶೋಧ’ ಸರಿಯೇ? ಕಾಮಗಾರಿಯಲ್ಲಿ ಎದುರಾಗುವ ಹಳೆಯ ಅವಶೇಷಗಳಿಗೆ ಪದ

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ.

ಕುಡಿಯುವ ನೀರಿನ ಕೊಳವೆ ಮಾರ್ಗದ ಟೆಂಡರ್ ಕರಾರೊಂದು ಕನ್ನಡಕ್ಕೆ ಬರುತ್ತಿದೆ. ಮಣ್ಣು ಅಗೆಯುವಾಗ ಶಾಸನ, ನಾಣ್ಯ, ಹಳೆಯ ಗೋಡೆ, ಮೂಳೆ ಎದುರಾದರೆ ಗುತ್ತಿಗೆದಾರರು ಏನು ಮಾಡಬೇಕೆಂಬ ಕಲಮಿಗೆ ಇಂಗ್ಲಿಷಿನಲ್ಲಿ ‘ಚಾನ್ಸ್ ಫೈಂಡ್ಸ್’ ಎಂಬ ತಲೆಬರಹವಿದೆ. ಕನ್ನಡದ ಕರಡಿನಲ್ಲಿ ಒಂದು ಕಡೆ ‘ಆಕಸ್ಮಿಕ ಶೋಧ’, ಇನ್ನೊಂದು ಕಡೆ ‘ನಿಧಿ ನಿಕ್ಷೇಪ’, ಮತ್ತೊಂದು ಕಡೆ ‘ಪಳೆಯುಳಿಕೆ’ ಎಂದಿದೆ. ಮೂರರ ಅರ್ಥವೂ ಒಂದೇ ಏನು? ಇದೇ ಮಾತು ಕಾಮಗಾರಿ ಜಾಗದ ಫಲಕದ ಮೇಲೂ ಹೋಗಬೇಕು. ಮೇಸ್ತ್ರಿ, ಜೆಸಿಬಿ ಚಾಲಕ ಓದಿದೊಡನೆ ತಿಳಿಯುವಂತಿರಬೇಕು.

ಉತ್ತರ

ಮಾನ್ಯರೇ, ಮೂರೂ ಬೇರೆ ಬೇರೆ. ಈ ಕಲಮಿನಲ್ಲಿ ಮೂರನ್ನೂ ಕೈಬಿಡಬೇಕು ಎನ್ನುವುದು ನನ್ನ ಅಭಿಪ್ರಾಯ.

‘ಪಳೆಯುಳಿಕೆ’ ಎಲ್ಲಿಂದ ಬಂತೆಂದು ಊಹಿಸಬಹುದು. ಅಂತರರಾಷ್ಟ್ರೀಯ ಗುತ್ತಿಗೆಗಳಲ್ಲಿ ಬಳಸುವ ಫಿಡಿಕ್ ಕರಾರಿನ 1999ರ ಆವೃತ್ತಿಯಲ್ಲಿ 4.24ನೇ ಕಲಮಿನ ತಲೆಬರಹ ಬರೀ ‘ಫಾಸಿಲ್ಸ್’. ಒಳಗಿನ ಮಾತು ಮಾತ್ರ ನಾಣ್ಯ, ಪುರಾತನ ವಸ್ತು, ಕಟ್ಟಡದ ಅವಶೇಷ ಎಲ್ಲಕ್ಕೂ ಅನ್ವಯಿಸುತ್ತದೆ. 2017ರ ಆವೃತ್ತಿಯಲ್ಲಿ ತಲೆಬರಹವನ್ನೇ ಬದಲಿಸಿ, ಪುರಾತತ್ವ ಮತ್ತು ಭೂವಿಜ್ಞಾನ ಎರಡರ ಹೆಸರನ್ನೂ ಸೇರಿಸಿದರು; ಅದೀಗ 4.23ನೇ ಕಲಮು. ಕನ್ನಡದಲ್ಲಿ ಪಳೆಯುಳಿಕೆ ಎಂದರೆ ಕಲ್ಲಾಗಿಹೋದ ಜೀವಿಯ ಗುರುತು. ವೀರಗಲ್ಲನ್ನು ಯಾರೂ ಹಾಗೆ ಕರೆಯುವುದಿಲ್ಲ.

‘ನಿಧಿ ನಿಕ್ಷೇಪ’ಕ್ಕೆ ಗೌರವದ ಇತಿಹಾಸವಿದೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’ ಎಂಬ ಅಷ್ಟಭೋಗದ ಪಟ್ಟಿ ಮತ್ತೆ ಮತ್ತೆ ಬರುತ್ತದೆ. ಭೂಮಿಯ ಜೊತೆಗೆ ಅದರೊಳಗೆ ಇರುವುದೂ ದಾನ ಪಡೆದವನಿಗೆ ಸೇರುತ್ತಿತ್ತು. ಇಂದಿನ ಕಾನೂನು ಹಾಗಿಲ್ಲ. 1878ರ ಟ್ರೆಷರ್ ಟ್ರೋವ್ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಅಡಗಿರುವ, ಬೆಲೆಯುಳ್ಳ ಏನೇ ಆದರೂ ನಿಧಿ. ಅದರ ಬೆಲೆ ಹತ್ತು ರೂಪಾಯಿಗೆ ಮಿಕ್ಕಿದರೆ ಜಿಲ್ಲಾ ಅಧಿಕಾರಿಗೆ ಬರಹದಲ್ಲಿ ತಿಳಿಸಲೇಬೇಕು. ಕರ್ನಾಟಕಕ್ಕೆ ಇದೇ ವಿಷಯದ ತನ್ನದೇ 1962ರ ಕಾಯ್ದೆಯೂ ಇದೆ. ಹಾಗಾಗಿ ಕಾಯ್ದೆಯನ್ನು ಹೆಸರಿಸುವಲ್ಲಿ ‘ನಿಧಿ’ ಇರಲಿ. ಫಲಕದ ಮೇಲೆ ಬೇಡ. ‘ನಿಧಿ ಕಂಡರೆ ತಿಳಿಸಿ’ ಎಂದು ಬರೆದ ಜಾಗಕ್ಕೆ ರಾತ್ರಿ ಹಾರೆ ಹಿಡಿದು ಬರುವವರಿದ್ದಾರೆ; ನಂದಿಯ ಹೊಟ್ಟೆ, ಲಿಂಗದ ಪೀಠ ಒಡೆಯುವ ನಿಧಿಗಳ್ಳರ ಸುದ್ದಿ ಜಿಲ್ಲಾ ಪುಟಗಳಲ್ಲಿ ತಪ್ಪುವುದಿಲ್ಲ. ಇನ್ನು ‘ನಿಕ್ಷೇಪ’ ಈಗ ಪೂರ್ತಿ ಗಣಿಯವರ ಪದ. ಚಿನ್ನದ ನಿಕ್ಷೇಪ, ಅದಿರಿನ ನಿಕ್ಷೇಪ ಎಂದೇ ಓದುಗರಿಗೆ ಹೊಳೆಯುವುದು.

ಬೆಲೆಯ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಶಾತವಾಹನ ಕಾಲದ ಸೀಸದ ನಾಣ್ಯಗಳು ಮಣ್ಣು ಹತ್ತಿದಾಗ ಬೂದುಬಣ್ಣದ ಬಿಲ್ಲೆಗಳಂತೆ ಕಾಣುತ್ತವೆ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದವರು ಸುಟ್ಟ ಸಗಣಿಯ ರಾಶಿ. ‘ಅಮೂಲ್ಯ ವಸ್ತು ಸಿಕ್ಕರೆ’ ಎಂದು ಬರೆದರೆ ಇವೆರಡೂ ಟಿಪ್ಪರ್ ಹತ್ತಿಹೋಗುತ್ತವೆ.

‘ಶೋಧ’ ಎಂದರೆ ಹುಡುಕುವ ಕೆಲಸ. ಪೊಲೀಸರದೂ ಶೋಧ, ಸಂಶೋಧಕರದೂ ಶೋಧ. ಹುಡುಕದೆ ಎದುರಾದದ್ದಕ್ಕೆ ಆ ಪದ ಒಗ್ಗದು. ‘ಆಕಸ್ಮಿಕ’ ಕಚೇರಿ ಕನ್ನಡದಲ್ಲಿ ಬೆಂಕಿ ಅನಾಹುತದ ಜೊತೆಗೆ ಅಂಟಿಕೊಂಡಿದೆ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಕ್ರಿಯಾಪದ. ‘ಸಿಕ್ಕ’ ಎಂದರೆ ಕೈಗೆ ಬಂದದ್ದು. ಸಿಕ್ಕಿದ್ದನ್ನು ಎತ್ತಿಕೊಳ್ಳುವುದು ಸಹಜ. ‘ಕಂಡ’ ಎಂದರೆ ಇನ್ನೂ ಮಣ್ಣಿನಲ್ಲೇ ಇರುವುದು. ಈ ಕಲಮಿನ ಗುರಿ ಎರಡನೆಯದು. ಮಡಕೆಯನ್ನು ಎತ್ತಿ ಸೈಟ್ ಆಫೀಸಿನ ಮೇಜಿನ ಮೇಲೆ ಇಟ್ಟರೆ ಮಡಕೆ ಉಳಿಯಿತು, ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ, ಎಷ್ಟು ಆಳದಲ್ಲಿತ್ತು ಎಂಬುದು ಹೋಯಿತು. ಕಾಲ ಗೊತ್ತುಮಾಡಲು ಬೇಕಾದುದು ಆ ಹೋದ ಭಾಗವೇ. ಆದ್ದರಿಂದ ನನ್ನ ಸಲಹೆ ‘ಅಗೆತದಲ್ಲಿ ಕಂಡ ಪುರಾವಶೇಷ’. ಕಾನೂನಿನ ‘ಪ್ರಾಚ್ಯವಸ್ತು’ ಹೆಚ್ಚಾಗಿ ಎತ್ತಿಕೊಂಡು ಹೋಗಬಹುದಾದ ವಸ್ತು, ಅದಕ್ಕೆ ಸಾಮಾನ್ಯವಾಗಿ ನೂರು ವರ್ಷವಾಗಿರಬೇಕು. ‘ಪುರಾವಶೇಷ’ ಎಂದರೆ ಗೋಡೆ, ನೆಲಗಟ್ಟು, ಸಮಾಧಿ, ಬೂದಿಯ ಪದರ ಎಲ್ಲವೂ ಒಳಗೆ ಬರುತ್ತವೆ.

ಮರುಪ್ರಶ್ನೆ

‘ಕಂಡ’ ಒಪ್ಪಿದೆ. ‘ಅಗೆತದಲ್ಲಿ’ ಎಂಬುದರ ಬಗ್ಗೆ ತಕರಾರಿದೆ. ಸನ್ನತಿಯ ಅಶೋಕನ ಶಾಸನದ ಚಪ್ಪಡಿ ಕಾಳಿಯ ಗುಡಿಯಲ್ಲಿ ದೇವರ ಪೀಠದ ಕಲ್ಲಾಗಿತ್ತು. ಗುಡಿಯ ಮಾಡು ಕುಸಿದ ಮೇಲೆ ಹೊರಗೆ ಕಂಡಿತು. ಕಟ್ಟಡ ಬಿಚ್ಚುವಾಗ, ಕೆರೆಯ ತೂಬು ರಿಪೇರಿ ಮಾಡುವಾಗಲೂ ಶಾಸನದ ಕಲ್ಲು ಕಾಣುತ್ತದೆ. ಜೊತೆಗೆ, ಕರಾರಿನ ಅಂದಾಜುಪಟ್ಟಿಯಲ್ಲಿ ಮಣ್ಣಿನ ಕೆಲಸಕ್ಕೆಲ್ಲ ‘ಉತ್ಖನನ’ ಎಂದಿದೆ, ಅದು ಸರಿಯೇ? ‘ತೆರವುಗೊಳಿಸತಕ್ಕದ್ದು’ ಎಂಬ ಮಾತು ಈ ಕಲಮಿನಲ್ಲಿ ಇರಬಹುದೇ?

ಉತ್ತರ

ಸನ್ನತಿಯ ಮಾತು ಒಪ್ಪಬೇಕಾದದ್ದೇ. ‘ಕಾಮಗಾರಿಯಲ್ಲಿ ಕಂಡ ಪುರಾವಶೇಷ’ ಎಂದಾಗಲಿ.

‘ಉತ್ಖನನ’ವನ್ನು ಪುರಾತತ್ವದವರಿಗೆ ಬಿಡಿ. ಸಂರಕ್ಷಿತ ನೆಲೆಯಲ್ಲಿ ಅದಕ್ಕೆ ಪರವಾನಗಿ ಬೇಕು, ಪದರ ಪದರವಾಗಿ ದಾಖಲಿಸಬೇಕು. ಕೊಳವೆಗೆ ತೋಡುವುದು ‘ಅಗೆತ’ ಅಥವಾ ‘ಮಣ್ಣು ತೆಗೆಯುವುದು’. ಒಂದೇ ದಸ್ತಾವೇಜಿನಲ್ಲಿ ಎರಡಕ್ಕೂ ಒಂದೇ ಪದವಿದ್ದರೆ, ‘ಉತ್ಖನನ ನಿಲ್ಲಿಸಿ’ ಎಂದಾಗ ಯಾವುದು ನಿಲ್ಲಬೇಕೆಂದು ತಿಳಿಯದು.

‘ತೆರವು’ ಖಂಡಿತ ಬೇಡ. ಒತ್ತುವರಿ ತೆರವಿನ ಭಾಷೆ ಅದು. ಜೆಸಿಬಿಯವರು ಅದನ್ನು ಕಿತ್ತು ಬಿಸಾಡು ಎಂದೇ ಓದುತ್ತಾರೆ. ಇಲ್ಲಿ ಎರಡು ಪದ ಬೇಕು. ಮೊದಲನೆಯದು ‘ಇದ್ದಲ್ಲೇ ಉಳಿಸುವುದು’: ಕೂಡಲಸಂಗಮದಲ್ಲಿ ಹಿನ್ನೀರು ಬರುವಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡದ್ದು ಹೀಗೆ. ಎರಡನೆಯದು ‘ಸ್ಥಳಾಂತರ’: ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನಮನೆಯನ್ನು ಬೆಂಗಳೂರು–ಮೈಸೂರು ಜೋಡಿ ಹಳಿಗಾಗಿ 2017ರಲ್ಲಿ ಇಡಿಯಾಗಿ ಎತ್ತಿ ಸರಿಸಿದರು. ಎರಡರಲ್ಲಿ ಯಾವುದೆಂದು ಪುರಾತತ್ವ ಇಲಾಖೆ ಹೇಳಬೇಕು, ಗುತ್ತಿಗೆದಾರರಲ್ಲ. ಈ ಮಾತು ಕಲಮಿನಲ್ಲೇ ಇರಲಿ.

‘ನಿಷೇಧಿತ ಪ್ರದೇಶ’, ‘ನಿಯಂತ್ರಿತ ಪ್ರದೇಶ’ ಎಂಬ ಪದಗಳನ್ನೂ ಕಲಸಬೇಡಿ. ಕೇಂದ್ರ ಸರ್ಕಾರದ ರಕ್ಷಣೆಯ ಸ್ಮಾರಕಕ್ಕೆ 2010ರ ತಿದ್ದುಪಡಿಯಂತೆ ಮೊದಲ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಅಳತೆ ಶುರುವಾಗುವುದು ಸಂರಕ್ಷಿತ ಜಾಗದ ಎಲ್ಲೆಯಿಂದ, ಗುಡಿಯ ಗೋಡೆಯಿಂದಲ್ಲ. ಕೊಳವೆ ಮಾರ್ಗದ ನಕ್ಷೆಗಳಲ್ಲಿ ಹೆಚ್ಚು ತಪ್ಪುವುದು ಇಲ್ಲೇ.

ಕಲಮಿನ ಒಳಗೆ ಬರಬೇಕಾದ ಕೆಲಸದ ಕ್ರಮ ಹೀಗಿರಬಹುದು. ಕಂಡ ಕೂಡಲೇ ಯಂತ್ರ ನಿಲ್ಲಬೇಕು, ಸುತ್ತ ಹತ್ತು ಮೀಟರಿಗಾದರೂ ಹಗ್ಗ ಕಟ್ಟಬೇಕು. ಕೊಳವೆಯ ಕೆಲಸ ಮುಂದಿನ ತುಂಡಿನಲ್ಲಿ ನಡೆಯಬಹುದು. ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುವುದು, ನೆಲಮಟ್ಟದಿಂದ ಆಳ ಬರೆಯುವುದು, ಜಿಪಿಎಸ್ ಗುರುತು. ಅದುವರೆಗೆ ತೆಗೆದ ಮಣ್ಣು ಎಲ್ಲಿ ಸುರಿಯಿತೆಂದು ಬರೆಯುವುದನ್ನು ಬಹುಮಂದಿ ಮರೆಯುತ್ತಾರೆ. ಮುರಿದ ತುಂಡು ಇರುವುದು ಆ ಗುಡ್ಡೆಯಲ್ಲೇ. ಅದೇ ದಿನ ಇಂಜಿನಿಯರಿಗೆ, ಅವರಿಂದ ತಹಶೀಲ್ದಾರರಿಗೆ ಮತ್ತು ಪುರಾತತ್ವ ಇಲಾಖೆಗೆ ಬರಹ. ಮಾನವ ಮೂಳೆಯಾದರೆ ಪೊಲೀಸರಿಗೂ. ಹಸ್ತಾಂತರಕ್ಕೆ ‘ಮಹಜರು’ ಎಂದೇ ಬರೆಯಿರಿ, ಹಳ್ಳಿಯಲ್ಲೂ ಎಲ್ಲರಿಗೂ ಗೊತ್ತಿರುವ ಪದ. ಕೆಲಸ ನಿಂತ ದಿನಗಳಿಗೆ ಅವಧಿ ವಿಸ್ತರಣೆ ಮತ್ತು ಖರ್ಚು ಸಿಗುತ್ತದೆಂದು ಸ್ಪಷ್ಟವಾಗಿ ಹೇಳಿ. ಅದಿಲ್ಲದಿದ್ದರೆ ತಡದ ದಂಡಕ್ಕೆ ಹೆದರಿ ಸಂಜೆಯೊಳಗೆ ಮಣ್ಣು ಮುಚ್ಚುತ್ತಾರೆ. ಉಳಿದ ಎಲ್ಲ ಕಲಮುಗಳೂ ಈ ಒಂದು ಸಾಲಿನ ಮೇಲೆ ನಿಂತಿವೆ.

ಮೊದಲೇ ಅನುಮಾನವಿರುವ ಜಾಗಗಳಲ್ಲಿ, ಅಂದರೆ ಹಾಳೂರು, ಬೇಚರಾಕ್ (ಜನವಸತಿಯಿಲ್ಲದ) ಗ್ರಾಮ, ಬೂದಿದಿಬ್ಬ, ಕೋಟೆಯ ಕಂದಕ ಇಂಥಲ್ಲಿ, ‘ಕಣ್ಗಾವಲಿನ ಅಗೆತ’ ಎಂಬ ಪದವನ್ನು ಸೇರಿಸಬಹುದು. ಹಲ್ಲಿಲ್ಲದ ಬಕೆಟ್, ಒಂದು ಸಲಕ್ಕೆ ಹತ್ತು ಹದಿನೈದು ಸೆಂಟಿಮೀಟರ್, ಯಂತ್ರ ಹಿಂದಕ್ಕೆ ಸರಿಯುತ್ತ ಅಗೆಯುವುದು, ನೋಡಲು ಬಲ್ಲವರೊಬ್ಬರು. ಹಲ್ಲಿನ ಬಕೆಟ್ ಪದರದ ಅಂಚುಗಳನ್ನು ಗೀರಿ ಕಲಸಿಬಿಡುತ್ತದೆ.

ಮಾಡಬಾರದ್ದನ್ನು ಹೇಳುವಾಗ ಮನೆಮಾತನ್ನೇ ಬಳಸಿ. ತಾಮ್ರಪಟವನ್ನು ಹುಣಸೆಹಣ್ಣಿನಿಂದ ಉಜ್ಜಬಾರದು, ಅದರ ಹಾಳೆಗಳನ್ನು ಪೋಣಿಸಿದ ಬಳೆ ಕತ್ತರಿಸಬಾರದು. ಶಾಸನಕ್ಕೆ ಎಣ್ಣೆ, ಅರಿಶಿನ, ಬಣ್ಣ ಬಳಿಯಬಾರದು, ತಂತಿ ಬ್ರಶ್ ತಾಗಿಸಬಾರದು. ಅಕ್ಷರದ ಗೀರು ಸವೆದರೆ ಪಡಿಯಚ್ಚು (ಕಾಗದದ ಮೇಲೆ ತೆಗೆಯುವ ಶಾಸನದ ಅಚ್ಚು) ಸರಿಯಾಗಿ ಬರುವುದಿಲ್ಲ. ಮಡಕೆಯೊಳಗಿನ ಮಣ್ಣನ್ನು ಸುರಿಯಬಾರದು. ನೀರಿನಲ್ಲಿ ನೆನೆದ ಮರ ಬಿಸಿಲಿಗೆ ಒಣಗಿದರೆ ಸೀಳುತ್ತದೆ, ಒದ್ದೆ ಗೋಣಿ ಹೊದಿಸಿ. ಮಣ್ಣಿನಲ್ಲಿ ಕಂಡ ತುಕ್ಕು ಹಿಡಿದ ಕಬ್ಬಿಣದ ಕೊಳವೆಯನ್ನು ಬಡಿಯಬಾರದು, ಅದು ಹಳೆಯ ರಾಕೆಟ್ ಆಗಿರಬಹುದು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಬಾವಿಯಿಂದ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್‌ಗಳು ಹೊರಬಂದವು, ಒಳಗೆ ಮದ್ದಿತ್ತು. ಕಲ್ಲನ್ನು ಎತ್ತಲೇಬೇಕೆಂದು ಇಲಾಖೆ ಹೇಳಿದರೆ ಸರಪಳಿ ಬೇಡ, ಅಗಲದ ನೈಲಾನ್ ಪಟ್ಟಿ, ಕೆಳಗೆ ಮರದ ತುಂಡು. ಒಂದೂವರೆ ಮೀಟರ್ ಎತ್ತರ, ಮುಕ್ಕಾಲು ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಚಪ್ಪಡಿ 600 ಕಿಲೋ ತೂಗುತ್ತದೆ. ನಾಲ್ಕು ಆಳು ಹಾರೆ ಹಾಕಿ ಮೀಟಿದರೆ ಮೂಲೆ ಒಡೆಯುತ್ತದೆ, ಮೊದಲ ಸಾಲಿನ ಅಕ್ಷರ ಇರುವುದು ಆ ಮೂಲೆಯಲ್ಲೇ.

ಫಲಕಕ್ಕೆ ‘ಶಾಸನ’ ಎಂದಷ್ಟೇ ಬರೆದರೆ ಕಾನೂನೆಂದು ಓದುವವರೂ ಉಂಟು, ‘ಅಕ್ಷರ ಕೊರೆದ ಕಲ್ಲು’ ಎನ್ನಿ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಕಂಡ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಅದರ ಬರಹದಲ್ಲಿ ಪೆರ್ಬೊಳಲ್ನಾಡು ಎಂಬ ಹಳೆಯ ಸೀಮೆಯ ಹೆಸರಿದೆ. ಅಂಥ ಕಲ್ಲು ಕೆಲಸಗಾರರ ಕಣ್ಣಿಗೆ ಮೊದಲು ಬೀಳುವುದು ಅಕ್ಷರವಾಗಿ ಅಥವಾ ಆಕೃತಿಯಾಗಿ. ಫಲಕದ ಬರಹ ಹೀಗಿರಲಿ:

‘ಅಕ್ಷರ ಅಥವಾ ಆಕೃತಿ ಕೊರೆದ ಕಲ್ಲು, ಹಳೆಯ ಮಡಕೆ ಚೂರು, ದೊಡ್ಡ ಇಟ್ಟಿಗೆ, ಗೋಡೆ, ನಾಣ್ಯ, ಮೂಳೆ, ದಪ್ಪ ಬೂದಿ ಕಂಡರೆ ಯಂತ್ರ ನಿಲ್ಲಿಸಿ. ಮುಟ್ಟಬೇಡಿ, ಎತ್ತಬೇಡಿ, ತೊಳೆಯಬೇಡಿ. ಕೂಡಲೇ ಸೈಟ್ ಇಂಜಿನಿಯರಿಗೆ ಹೇಳಿ. ಕೆಲಸ ನಿಂತ ಹೊತ್ತಿನ ಕೂಲಿ ಕಡಿಯುವುದಿಲ್ಲ.’