ಸೈನ್, ಕೊಸೈನ್ ಬೆಲೆಗಳು: ಬೆರಳೋ, ತ್ರಿಭುಜವೋ?

ತೀರ್ಥಹಳ್ಳಿಯ ತಾಯಿ: ಲಂಬಕೋನ ತ್ರಿಭುಜದಲ್ಲಿ ಕೋನದ ಎದುರಿನ ಬಾಹುವನ್ನು ಕರ್ಣದಿಂದ ಭಾಗಿಸಿದರೆ ಸೈನ್, ಪಕ್ಕದ ಬಾಹುವನ್ನು ಭಾಗಿಸಿದರೆ ಕೊಸೈನ್. ಹತ್ತನೆಯ ತರಗತಿಯ ಮಗಳಿಗೆ ಈ ಬೆಲೆಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಎಡಗೈಯ ಕಿರುಬೆರಳಿಗೆ 0°, ಮುಂದಕ್ಕೆ 30°, 45°, 60°, ಹೆಬ್ಬೆರಳಿಗೆ 90° ಎಂದು ಹೇಳಿಕೊಟ್ಟೆ. 30°ಯ ಬೆರಳನ್ನು ಮಡಚಿದರೆ ಕಿರುಬೆರಳಿನ ಕಡೆ ಒಂದು, ಹೆಬ್ಬೆರಳಿನ ಕಡೆ ಮೂರು ಉಳಿಯುತ್ತವೆ. ಅವುಗಳ ವರ್ಗಮೂಲವನ್ನು ಎರಡರಿಂದ ಭಾಗಿಸಿದರೆ ಸೈನ್ 1/2, ಕೊಸೈನ್ √3/2. ಪರೀಕ್ಷೆಗೆ ಇಷ್ಟು ಸಾಕಲ್ಲವೇ?

ಸಾಗರದ ನಿವೃತ್ತ ಮೇಷ್ಟ್ರು: ಸಾಲದು. ಬೆರಳು ಉತ್ತರ ಕೊಡುತ್ತದೆ, ಕಾರಣ ಕೊಡುವುದಿಲ್ಲ. ಬಾಹು 2 ಇರುವ ಸಮಬಾಹು ತ್ರಿಭುಜವನ್ನು ನಡುವೆ ಸೀಳಿದರೆ 1, √3, 2 ಬಾಹುಗಳ ಲಂಬಕೋನ ತ್ರಿಭುಜ ಸಿಗುತ್ತದೆ. 30°, 60° ಎರಡೂ ಅದರೊಳಗೇ ಇವೆ. ಅದನ್ನು ಒಮ್ಮೆ ಬರೆದ ಮಗುವಿಗೆ ಬಾಯಿಪಾಠದ ಹಂಗಿಲ್ಲ.

ಹೊಸನಗರದ ಅಡಿಕೆ ಬೆಳೆಗಾರ: ‘ಬಾಯಿಪಾಠದ ಹಂಗು’ ಎಂದು ಹಗುರವಾಗಿ ಆಡಬೇಡಿ, ಮೇಷ್ಟ್ರೇ. ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ 24 ಜ್ಯಾಂತರಗಳನ್ನು (ಜ್ಯಾ ಎಂದರೆ ವೃತ್ತದ ಎರಡು ಬಿಂದುಗಳನ್ನು ಸೇರಿಸುವ ಗೆರೆ; ಅಂತಹ ಗೆರೆಗಳ ಅರ್ಧಗಳ ನಡುವಿನ ವ್ಯತ್ಯಾಸಗಳನ್ನು) ಒಂದೇ ಶ್ಲೋಕದಲ್ಲಿ ಅಡಗಿಸಿದ್ದು ಮತ್ತೇತಕ್ಕೆ?

ಮೇಷ್ಟ್ರು: ಆ ಶ್ಲೋಕದಲ್ಲಿ √3/2 ಎಲ್ಲಿದೆ, ತೋರಿಸಿ. ಅಲ್ಲಿರುವುದು 3438 ತ್ರಿಜ್ಯದ ವೃತ್ತದ ಅರ್ಧಜ್ಯಾಗಳ ನಡುವಿನ ಅಂತರ, ಅಂದರೆ ಉದ್ದ. ಸೈನ್ ಎಂಬುದು ಅನುಪಾತ.

ಬೆಳೆಗಾರ: ಉದ್ದವನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವುದು ಅನುಪಾತವಲ್ಲದೆ ಇನ್ನೇನು? ಅವನು 90°ಯನ್ನು 24 ಸಮಪಾಲು ಮಾಡಿದ್ದರಿಂದ ಎಂಟು ಪಾಲು ಎಂದರೆ 30°. ಮೊದಲ ಎಂಟು ಅಂತರಗಳನ್ನು ಕೂಡಿದರೆ 1719, ಅಂದರೆ 3438ರ ಸರಿಯರ್ಧ. ಅದೇ ನಿಮ್ಮ 30°ಯ ಸೈನ್. ಹದಿನಾರನ್ನು ಕೂಡಿದರೆ 60°ಗೆ 2978.

ಶಿವಮೊಗ್ಗದ ವಿದ್ಯಾರ್ಥಿ: 2978ನ್ನು 3438ರಿಂದ ಭಾಗಿಸಿದರೆ 0.8662 ಬರುತ್ತದೆ, √3/2 ಎಂದರೆ 0.8660. ಸಮೀಪವೇ ಹೊರತು ನಿಖರವಲ್ಲ.

ಬೆಳೆಗಾರ: ತಮ್ಮಾ, 20 ಅಡಿಯ ಏಣಿಯನ್ನು 60°ಯಲ್ಲಿ ಅಡಿಕೆ ಮರಕ್ಕೆ ಒರಗಿಸಿ ನೋಡು. ಎರಡೂ ಲೆಕ್ಕದಲ್ಲಿ ಅದು ಮುಟ್ಟುವುದು 17.3 ಅಡಿಯನ್ನೇ. ಸೈನ್ ಎಂಬ ಹೆಸರು ಕೂಡ, ಜ್ಯಾದ ಇನ್ನೊಂದು ಹೆಸರಾದ ನಮ್ಮ ‘ಜೀವಾ’ ಅರಬ್ಬಿಗೆ ಹೋಗಿ, ಅಲ್ಲಿಂದ ಲ್ಯಾಟಿನ್ನಿಗೆ ತಪ್ಪಾಗಿ ಅನುವಾದಗೊಂಡು ಹುಟ್ಟಿದ್ದು.

ಮೇಷ್ಟ್ರು: ಹೆಸರಿನ ಜಾತಕವನ್ನು ಇಲ್ಲಿ ಯಾರೂ ಕೇಳಲಿಲ್ಲ! ಆರ್ಯಭಟನನ್ನು ಗಿಣಿಪಾಠದ ಸಾಕ್ಷಿಗೆ ಎಳೆಯುವವರು ಅವನ ಇನ್ನೊಂದು ಶ್ಲೋಕವನ್ನು ಜಾಣತನದಿಂದ ಬಿಟ್ಟಿದ್ದಾರೆ. ವೃತ್ತದ ಕಾಲುಭಾಗವನ್ನು ತ್ರಿಭುಜ, ಚತುರ್ಭುಜಗಳಿಂದ ಕತ್ತರಿಸಿ ಜ್ಯಾಗಳನ್ನು ಪಡೆಯಿರಿ ಎಂದು ಅಲ್ಲಿ ಅವನೇ ಹೇಳಿದ್ದಾನೆ.

ಬೆಳೆಗಾರ: ‘ಜಾಣತನ’ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ಆ ಶ್ಲೋಕವನ್ನೂ ಶಿಷ್ಯರು ಬಾಯಿಪಾಠವನ್ನೇ ಮಾಡಬೇಕಿತ್ತು.

ತಾಯಿ: ನನ್ನ ಪ್ರಶ್ನೆ ಎಲ್ಲಿಗೋ ಹೋಯಿತು. ಮಗಳು ಬೆರಳೆಣಿಸಿ 45°ಗೆ √2/2 ಎಂದು ಬರೆದಿದ್ದಾಳೆ, ಪಠ್ಯದಲ್ಲಿ 1/√2 ಇದೆ. ಎರಡೂ ಒಂದೆಯೇ?

ವಿದ್ಯಾರ್ಥಿ: ಒಂದೇ, ಅಕ್ಕಾ. ಮೇಲೆ ಕೆಳಗೆ √2ರಿಂದ ಗುಣಿಸಿ.

ಮೇಷ್ಟ್ರು: ಅದನ್ನು ಅವಳ ಬೆರಳು ಹೇಳಲಿಲ್ಲ, ಗಮನಿಸಿ.

ಬೆಳೆಗಾರ: ನಿಮ್ಮ ತ್ರಿಭುಜವೂ ಹೇಳಲಿಲ್ಲ, ಹೇಳಿದ್ದು ಆ ಹುಡುಗ.