ಮುಪ್ಪಾಗುವ ನಕ್ಷತ್ರಗಳನ್ನು ತೋರಿಸಲು ಯಾವ ತಾರಾಗುಚ್ಛ ಸೂಕ್ತ? ಅನುಭವಸ್ಥರು ತಿಳಿಸಿ

ಪ್ರಶ್ನೆ (ಶಿಕ್ಷಕಿ, ಮಂಡ್ಯ): ನಕ್ಷತ್ರಗಳಿಗೆ ವಯಸ್ಸಾಗುವ ಬಗೆಯನ್ನು ಒಂದು ಗುಚ್ಛದ ಬಣ್ಣ–ಕಾಂತಿ ನಕ್ಷೆಯ (ಅಡ್ಡಕ್ಕೆ ಬಣ್ಣ, ಎಡಕ್ಕೆ ನೀಲಿ, ಬಲಕ್ಕೆ ಕೆಂಪು; ಮೇಲಕ್ಕೆ ಹೋದಂತೆ ಹೆಚ್ಚು ಕಾಂತಿ) ಮೂಲಕ ಹತ್ತನೆಯ ತರಗತಿಯ ಮಕ್ಕಳಿಗೆ ತೋರಿಸಬೇಕೆಂದಿದ್ದೇನೆ. ಶಾಲೆಯಲ್ಲಿ 6 ಇಂಚಿನ ದೂರದರ್ಶಕವಿದೆ. ದಯವಿಟ್ಟು ಸಲಹೆ ಕೊಡಿ.

ಕುವೆಂಪುನಗರ, ಮೈಸೂರು: ಎಂ67 ಎಂಬ ತಾರಾಗುಚ್ಛ ಇರುವಾಗ ಬೇರೆಯದರ ಯೋಚನೆ ಬೇಡ ಮೇಡಂ. ಮಾರ್ಚ್ ತಿಂಗಳ ರಾತ್ರಿ ಒಂಬತ್ತರ ಸುಮಾರಿಗೆ ಅದು ನಮ್ಮ ನೆತ್ತಿಯ ಮೇಲೆಯೇ ಇರುತ್ತದೆ. ನಾನು ಕ್ಯಾಮೆರಾಕ್ಕೆ 78,000, ನಕ್ಷತ್ರದ ಬಣ್ಣ ಅಳೆಯುವ ಬಿ (ನೀಲಿ) ಮತ್ತು ವಿ (ಹಸಿರು–ಹಳದಿ) ಫಿಲ್ಟರ್‌ಗಳಿಗೆ 31,000 ರೂಪಾಯಿ ಕೊಟ್ಟೆ, ಸುಂಕ ಬೇರೆ. ಮೊದಲ ಮಳೆಗಾಲದಲ್ಲೇ ಒಂದು ಫಿಲ್ಟರಿಗೆ ಫಂಗಸ್ ಹಿಡಿಯಿತು, ಮಾರಿದವರು ಕೈತೊಳೆದುಕೊಂಡರು. ಬೀದಿದೀಪಗಳ ಕಾಟಕ್ಕೆ ಎಲ್ಲ ಸಾಮಾನನ್ನೂ ಮೇಲುಕೋಟೆಗೆ ಹೊರಬೇಕಾಯಿತು. ಆದರೂ, ಸುಮಾರು 400 ಕೋಟಿ ವರ್ಷ ವಯಸ್ಸಿನ ಆ ಗುಚ್ಛದಲ್ಲಿ ಸೂರ್ಯನಿಗಿಂತ ತುಸು ಹೆಚ್ಚು ದ್ರವ್ಯರಾಶಿಯ ನಕ್ಷತ್ರಗಳು ಒಡಲಿನ ಹೈಡ್ರೋಜನ್ ಮುಗಿಸಿ, ಪ್ರಧಾನ ಶ್ರೇಣಿಯನ್ನು (ಒಡಲಲ್ಲಿ ಹೈಡ್ರೋಜನ್ ಉರಿಸುತ್ತಿರುವ ನಕ್ಷತ್ರಗಳ ಓರೆ ಸಾಲನ್ನು) ಬಿಟ್ಟು ಬಲಕ್ಕೆ ಬಾಗಿ, ಉಬ್ಬಿ ಕೆಂಪಾದ ಮುದಿ ನಕ್ಷತ್ರಗಳಾದ ಕೆಂಪು ದೈತ್ಯಗಳತ್ತ ಏರುವ ತಿರುವು ನನ್ನದೇ ಅಳತೆಯಲ್ಲಿ ಮೂಡಿತು.

ಸರಸ್ವತಿಪುರಂ, ಮೈಸೂರು: ಇಷ್ಟು ಹಣ ಸುರಿಯುವ ಅಗತ್ಯವೇ ಇಲ್ಲ. ನಕ್ಷತ್ರಗಳ ದೂರ, ಚಲನೆ ಅಳೆದ ಗಾಯಾ ಉಪಗ್ರಹದ 2022ರ ದತ್ತಾಂಶ ಉಚಿತವಾಗಿದೆ. ನಾನು ಕೃತ್ತಿಕೆಯ ನಕ್ಷೆಯನ್ನೂ ಎಂ67ರ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟೆ. ಸುಮಾರು 10 ಕೋಟಿ ವರ್ಷದ ಕೃತ್ತಿಕೆಯಲ್ಲಿ ನೀಲಿ ನಕ್ಷತ್ರಗಳು ಇನ್ನೂ ಉರಿಯುತ್ತಿವೆ, ಕೆಂಪು ದೈತ್ಯ ಒಂದೂ ಇಲ್ಲ. ಒಂದು ಗುಚ್ಛದ ನಕ್ಷತ್ರಗಳೆಲ್ಲ ಒಟ್ಟಿಗೇ ಹುಟ್ಟಿದವಾದ್ದರಿಂದ, ಎರಡು ತಿರುವುಗಳ ನಡುವಿನ ಅಂತರವೇ ವಯಸ್ಸಿನ ವ್ಯತ್ಯಾಸವನ್ನು ಹೇಳುತ್ತದೆ. ಗುಚ್ಛಕ್ಕೆ ಸೇರದ ನಕ್ಷತ್ರಗಳನ್ನು ದೂರ ಮತ್ತು ಚಲನೆ ನೋಡಿ ತೆಗೆದುಹಾಕಬಹುದು. ನಿಮ್ಮ ಫೋಟೊದಲ್ಲಿ ಅದು ಆಗದು.

ಕುವೆಂಪುನಗರ: ಆಗದೆಂದು ಸಲೀಸಾಗಿ ಬರೆಯಬೇಡಿ ಸರ್. ಮೇಲುಕೋಟೆಯ ಚಳಿಯಲ್ಲಿ ಕೂತು ಅಳೆದ ಬಿಂದುವಿಗೂ ಡೌನ್‌ಲೋಡ್ ಮಾಡಿದ ಬಿಂದುವಿಗೂ ವ್ಯತ್ಯಾಸವಿದೆ. ಅಡ್ಡಾದಿಡ್ಡಿ ಬಿದ್ದ ಕೆಲವು ನೀಲಿ ಬಿಂದುಗಳನ್ನು ತೆಗೆದ ಮೇಲೆ ನನ್ನ ನಕ್ಷೆ ಸ್ವಚ್ಛವಾಗಿಯೇ ಇದೆ.

ಸರಸ್ವತಿಪುರಂ: ತೆಗೆದಿರಾ? ತಿರುವಿಗಿಂತ ಮೇಲೆ, ಎಡಕ್ಕೆ ಇದ್ದರೆ ಅವು ಬ್ಲೂ ಸ್ಟ್ರ್ಯಾಗ್ಲರ್‌ಗಳೇ ಇರಬಹುದು. 1953ರಲ್ಲೇ ಖಗೋಳಜ್ಞ ಸ್ಯಾಂಡೇಜ್ ಎಂ3 ಗುಚ್ಛದಲ್ಲಿ ಅವನ್ನು ಗುರುತಿಸಿದ್ದರು. ಸಂಗಾತಿಯ ದ್ರವ್ಯವನ್ನು ಎಳೆದುಕೊಂಡೋ, ಎರಡು ಕೂಡಿ ಒಂದಾಗಿಯೋ ಮತ್ತೆ ಯೌವನ ಪಡೆದ ನಕ್ಷತ್ರಗಳವು. ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹ ಎಂ67ರ ಇಂಥ ನಕ್ಷತ್ರಗಳ ಪಕ್ಕದಲ್ಲಿ ಬಿಳಿ ಕುಬ್ಜಗಳನ್ನು (ದ್ರವ್ಯ ಕಳೆದುಕೊಂಡ ಸಂಗಾತಿಗಳ ಉಳಿದ ಒಡಲನ್ನು) ಪತ್ತೆಹಚ್ಚಿರುವಾಗ ನೀವು ಅವನ್ನೇ ಅಳಿಸುತ್ತೀರಿ!

ಶ್ರೀರಂಗಪಟ್ಟಣ: ಇಬ್ಬರೂ ಒಮೆಗಾ ಸೆಂಟಾರಿ ಗುಚ್ಛವನ್ನು ಮರೆತಿದ್ದೀರಿ. ಇಲ್ಲಿ ಅದು ದಕ್ಷಿಣ ದಿಗಂತದಿಂದ 30 ಡಿಗ್ರಿ ಮೇಲೇರುತ್ತದೆ. ನಾನು ಅದನ್ನಲ್ಲದೆ ಬೇರೆಯದನ್ನು ಮಕ್ಕಳಿಗೆ ತೋರಿಸುವುದೇ ಇಲ್ಲ.

ಸರಸ್ವತಿಪುರಂ: ನೋಡಲು ಸರಿ, ಈ ಪಾಠಕ್ಕೆ ಬೇಡ. ಅದರಲ್ಲಿ ಹಲವು ಪೀಳಿಗೆಯ ನಕ್ಷತ್ರಗಳು ಬೆರೆತಿವೆ. ಎಲ್ಲವೂ ಒಟ್ಟಿಗೇ ಹುಟ್ಟಿದವು ಎಂಬ ಆಧಾರವೇ ಅಲ್ಲಿ ನಿಲ್ಲುವುದಿಲ್ಲ.